ಪ್ರತಿ: ಕೆ2 ಎವರೆಸ್ಟ್‌ಗಿಂತ ಗಿಡ್ಡ, ಆದ್ರೂ ಕಷ್ಟ ಯಾಕೆ?
ಸರ್, ಪ್ರಪಂಚದ ಎರಡನೇ ಎತ್ತರದ ಶಿಖರ ಕೆ2, ಎವರೆಸ್ಟ್‌ಗಿಂತ ಎತ್ತರ ಕಮ್ಮಿ ಇದ್ರೂ ಹತ್ತೋಕೆ ಯಾಕೆ ಕಷ್ಟ ಅಂತ ಕೇಳಿದ್ರಲ್ಲ, ದಾರಿ ಹೆಂಗಿದೆ ಅನ್ನೋದೇ ಮುಖ್ಯ. ನಮ್ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ರಾಜ್ಯಕ್ಕೇ ಎತ್ತರ, ಆದ್ರೆ ರೋಡು ಮೆಟ್ಟಿಲು ಇರೋದ್ರಿಂದ ಅಜ್ಜಿಯಂದ್ರೂ ಹತ್ತುತಾರೆ. ಕೆ2 8611 ಮೀಟರ್, ಎವರೆಸ್ಟ್‌ಗಿಂತ ಇನ್ನೂರು ಚಿಲ್ರೆ ಮೀಟರ್ ಕಮ್ಮಿ ಅಷ್ಟೇ, ಆದ್ರೆ ಬುಡದಿಂದ್ಲೇ ಕಡಿದು. ತುದಿ ಹತ್ರ ಬಾಟಲ್‌ನೆಕ್ ಅಂತ ಇಕ್ಕಟ್ಟು ಇಳಿಜಾರು, ನೆತ್ತಿ ಮೇಲೆ ದೊಡ್ಡ ಹಿಮದ ಗೋಡೆ ನೇತಾಡ್ತಿರುತ್ತೆ, ಉಸಿರಿಗೇ ಗಾಳಿ ಸಾಲದ ಜಾಗದಲ್ಲಿ ಅದರ ಅಡೀಲೇ ದಾಟ್ಬೇಕು, 2008ರಲ್ಲಿ ಅಲ್ಲಿಂದ ಹಿಮ ಕುಸಿದು ಕಟ್ಟಿದ್ದ ಹಗ್ಗಗಳೇ ಹೋದ್ವು, ಆ ದುರಂತದಲ್ಲಿ 11 ಜನ ತೀರ್ಕೊಂಡ್ರು. ಚಳಿಗಾಲದಲ್ಲಿ ಮೊದಲು ಹತ್ತಿದ್ದು 2021ರ ಜನವರಿ 16ಕ್ಕೆ, ನೇಪಾಳದ 10 ಜನ, ತುದಿಗಿಂತ ಸ್ವಲ್ಪ ಕೆಳಗೆ ಒಬ್ರಿಗೊಬ್ರು ಕಾದು ಒಟ್ಟಿಗೇ ಮೇಲೆ ಹೋದ್ರು. ವರ್ಷಗಟ್ಟಲೆ ಬೇರೆಯವ್ರ ಭಾರ ಹೊತ್ತ ನೇಪಾಳದವ್ರಿಗೇ ಆ ಹೆಸರು ಸಿಕ್ಕಿದ್ದು ನಂಗೆ ತುಂಬಾ ಖುಷಿ.