ಐಸ್ ಬಿಯರ್ ರುಚಿ ಹೇಗೆ? ಕ್ವಾಲಿಟಿ ನಿಜವಾಗಲೂ ಜಾಸ್ತಿನಾ?

ನಿಮ್ಮ ಪ್ರಶ್ನೆ ಇಷ್ಟು. ಅಮೆರಿಕದಲ್ಲಿರುವ ಅಣ್ಣ ಮಂಡ್ಯಕ್ಕೆ ಬರುವಾಗ ನ್ಯಾಚುರಲ್ ಐಸ್ ಕ್ಯಾನ್ ತಂದಿದ್ದಾರೆ. ಕುಡಿದರೆ ನೀರು ನೀರು, ಆದರೆ ಕ್ಯಾನ್ ಮೇಲೆ 5.9% ಅಂತಿದೆ. ಐಸ್ ಮಾಡಿ ತೆಗೆದ ಬಿಯರ್ ಅಂದರೆ ಕ್ವಾಲಿಟಿ ಜಾಸ್ತಿನಾ, ಮನೆ ಫ್ರೀಜರ್‌ನಲ್ಲೂ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ.

ನಾನು ಮೈಸೂರಿನವನು. ಕೆಲಸದ ಮೇಲೆ ಅಮೆರಿಕದಲ್ಲಿದ್ದಾಗ ಈ ಬಿಯರ್ ಬೇಕಾದಷ್ಟು ಕುಡಿದಿದ್ದೇನೆ. ನಮ್ಮ ಹುಡುಗರು ರೂಮಿನಲ್ಲಿ ಸೇರಿದರೆ ಫ್ರಿಜ್‌ನಲ್ಲಿ ಇರುತ್ತಿದ್ದದ್ದು ಇದೇ. ಕಾರಣ ಒಂದೇ, ಅಗ್ಗ. ರುಚಿ ನೋಡಿ ಯಾರೂ ತರುತ್ತಿರಲಿಲ್ಲ. ನಿಮ್ಮ ನಾಲಿಗೆ ಸರಿಯಾಗಿಯೇ ಹೇಳಿದೆ. ಆ 5.9ಕ್ಕೂ ಐಸ್‌ಗೂ ಸಂಬಂಧ ಬಹಳ ಕಡಿಮೆ.

ಮೊದಲು ಐಸ್ ವಿಷಯ. ಚಿಕ್ಕವರಿದ್ದಾಗ ಐಸ್‌ಕ್ಯಾಂಡಿ ಜೋರಾಗಿ ಚೀಪಿದರೆ ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದು ಕಡ್ಡಿಯಲ್ಲಿ ಬರೀ ಬಿಳಿ ಐಸ್ ಉಳಿಯುತ್ತಿತ್ತಲ್ಲ, ಇಲ್ಲಿ ನಡೆಯುವುದೂ ಅದೇ. ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಶುದ್ಧ ಆಲ್ಕೋಹಾಲ್‌ಗೆ ಮೈನಸ್ 114 ಬೇಕು. ಬಿಯರನ್ನು ಮೈನಸ್ ಎರಡು ಮೂರು ಡಿಗ್ರಿಗೆ ಇಳಿಸಿದರೆ ಅದರಲ್ಲಿರುವ ನೀರು ಐಸ್ ಹರಳಾಗಲು ಶುರುವಾಗುತ್ತದೆ. ಆ ಹರಳನ್ನು ಸೋಸಿ ತೆಗೆದರೆ ಉಳಿದದ್ದು ಗಟ್ಟಿ. ಆಲ್ಕೋಹಾಲೂ ಜಾಸ್ತಿ, ರುಚಿಯೂ ಜಾಸ್ತಿ.

ಜರ್ಮನಿಯ ಕುಲ್ಂಬಾಕ್ ಊರಿನವರು ಇದನ್ನು ನಿಜವಾಗಲೂ ಮಾಡುತ್ತಾರೆ. ಐಸ್‌ಬಾಕ್ ಅಂತ ಹೆಸರು. ಕೆಲಸದ ಹುಡುಗನೊಬ್ಬ ಸೋಮಾರಿತನದಿಂದ ಬಿಯರ್ ಪೀಪಾಯಿಯನ್ನು ಚಳಿಗೆ ಹೊರಗೇ ಬಿಟ್ಟ, ಬೆಳಗ್ಗೆ ನಡುವೆ ಉಳಿದಿದ್ದ ಕಪ್ಪು ರಸವನ್ನು ಯಜಮಾನ ಶಿಕ್ಷೆ ಅಂತ ಅವನಿಗೇ ಕುಡಿಸಿದ ಅಂತ ಅಲ್ಲಿ ಕತೆ ಹೇಳುತ್ತಾರೆ. ಕತೆ ನಿಜವೋ ಸುಳ್ಳೋ, ಅಂಥ ಶಿಕ್ಷೆಗೆ ನಮ್ಮ ಕಡೆ ಕ್ಯೂ ನಿಲ್ಲುತ್ತಿತ್ತು. ಷ್ನೈಡರ್ ಕಂಪನಿಯ ಅವೆಂಟಿನಸ್ ಐಸ್‌ಬಾಕ್ 12% ಇರುತ್ತದೆ. ಕಪ್ಪಗೆ, ದಪ್ಪಗೆ, ಒಣದ್ರಾಕ್ಷಿ ನೆನೆಸಿದಂಥ ವಾಸನೆ. ಸಣ್ಣ ಗ್ಲಾಸಿನಲ್ಲಿ ನಿಧಾನವಾಗಿ ಕುಡಿಯುವ ಸರಕು.

ನಿಮ್ಮ ಕೈಯಲ್ಲಿರುವ ಕ್ಯಾನ್ ಆ ಮನೆತನದ್ದಲ್ಲ. 1993ರಲ್ಲಿ ಕೆನಡಾದ ಲಬ್ಯಾಟ್ ಮತ್ತು ಮೋಲ್ಸನ್ ಕಂಪನಿಗಳು ಐಸ್ ಬಿಯರ್ ಅಂತ ಪೈಪೋಟಿಗೆ ಬಿದ್ದವು. ಅಮೆರಿಕದವರು ಸುಮ್ನೆ ಇರುತ್ತಾರಾ? ಬಡ್ ಐಸ್ ಬಂತು, 1995ರಲ್ಲಿ ಅನ್‌ಹೈಸರ್ ಬುಷ್ ಕಂಪನಿಯೇ ಅದಕ್ಕಿಂತ ಅಗ್ಗದ ನ್ಯಾಚುರಲ್ ಐಸ್ ತಂದಿತು. ಆದರೆ ಅಲ್ಲಿ ಒಂದು ರೂಲ್ ಇದೆ. ಬಿಯರ್‌ನಿಂದ ಐಸ್ ತೆಗೆಯುವುದಾದರೆ ಒಟ್ಟು ಅಳತೆಯಲ್ಲಿ ಅರ್ಧ ಪರ್ಸೆಂಟ್‌ಗಿಂತ ಜಾಸ್ತಿ ಕಡಿಮೆಯಾಗುವಂತಿಲ್ಲ.

ಲೆಕ್ಕ ಹಾಕಿ ನೋಡಿ. ನೂರು ಲೀಟರ್ ಬಿಯರ್‌ನಲ್ಲಿ ಐದೂವರೆ ಲೀಟರ್ ಆಲ್ಕೋಹಾಲ್ ಇದೆ ಅಂದುಕೊಳ್ಳಿ. ಅರ್ಧ ಲೀಟರ್ ನೀರು ತೆಗೆದರೆ 5.5% ಇದ್ದದ್ದು 5.53% ಆಗುತ್ತದೆ. ಅಷ್ಟೇ! ನಾಲಿಗೆಗೆ ಗೊತ್ತೇ ಆಗಲ್ಲ.

ಹಾಗಾದರೆ 5.9 ಎಲ್ಲಿಂದ ಬಂತು? ಹುದುಗುವ ಮೊದಲೇ ಸಕ್ಕರೆ ಅಂಶ ಜಾಸ್ತಿ ಇಟ್ಟಿರುತ್ತಾರೆ. ಈ ಜಾತಿಯ ಅಗ್ಗದ ಬಿಯರ್‌ಗಳಿಗೆ ಬಾರ್ಲಿ ಮಾಲ್ಟ್ ಜೊತೆ ಮುಸುಕಿನ ಜೋಳ, ಜೋಳದ ಸಿರಪ್ ಇಂಥವು ಸೇರುತ್ತವೆ. ಮೈಶುಗರ್ ಇರುವ ಊರಿನವರು ನೀವು, ಕಾಕಂಬಿಯಿಂದ ಸ್ಪಿರಿಟ್ ಆಗುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಸಿರಪ್‌ನಲ್ಲಿರುವ ಸಕ್ಕರೆಯನ್ನು ಈಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿಬಿಡುತ್ತದೆ. ಮಾಲ್ಟ್ ಹಾಗಲ್ಲ, ಒಂದಿಷ್ಟು ತಿನ್ನಲಾಗದ ಅಂಶ ಬಿಟ್ಟು ಹೋಗುತ್ತದೆ. ಬಾಯಿ ತುಂಬಿದ ಹಾಗೆ ಅನಿಸುವುದು ಅದರಿಂದ. ಮಾಲ್ಟ್ ಕಡಿಮೆ, ಸಿರಪ್ ಜಾಸ್ತಿ ಆದರೆ ಕಿಕ್ ಇರುತ್ತದೆ, ಗಟ್ಟಿತನ ಇರಲ್ಲ. ನಿಮಗೆ ನೀರು ನೀರು ಅನಿಸಿದ್ದು ಇದೇ.

ಚಳಿಯಿಂದ ಏನೂ ಉಪಯೋಗವಿಲ್ಲ ಅಂತ ಹೇಳುತ್ತಿಲ್ಲ. ಅಷ್ಟು ತಣ್ಣಗಿಟ್ಟಾಗ ಬಿಯರ್‌ನಲ್ಲಿರುವ ಪ್ರೋಟೀನು, ಒಗರು ಅಂಶ ಗುಂಪುಗೂಡಿ ತಳ ಸೇರುತ್ತವೆ. ಸೋಸಿದರೆ ಬಿಯರ್ ಫಳಫಳ ಹೊಳೆಯುತ್ತದೆ, ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಆದರೆ ಮಾಮೂಲಿ ಲಾಗರ್ ಬಿಯರನ್ನೂ 0 ಡಿಗ್ರಿ ಆಸುಪಾಸಿನಲ್ಲಿ ಇಟ್ಟೇ ಸೋಸುತ್ತಾರೆ. ದೊಡ್ಡ ವ್ಯತ್ಯಾಸ ಏನಿಲ್ಲ.

ಇನ್ನೊಂದು ಕ್ಯಾನ್ ಉಳಿದಿದ್ದರೆ ಹೀಗೆ ಮಾಡಿ. ಕ್ಯಾನ್‌ನಿಂದಲೇ ಕುಡಿಯಬೇಡಿ, ಗಾಜಿನ ಲೋಟಕ್ಕೆ ಸುರಿಯಿರಿ. ತೆಳು ಹಳದಿ ಬಣ್ಣ, ನೊರೆ ಭರ್ರನೆ ಎದ್ದು ಅಷ್ಟೇ ಬೇಗ ಕೂತುಬಿಡುತ್ತದೆ. ಅರ್ಧ ಕುಡಿದು ಹತ್ತು ನಿಮಿಷ ಬಿಡಿ. ತಣ್ಣಗಿರುವಾಗ ಯಾವ ಬಿಯರೂ ಒಳ್ಳೆಯದೇ, ಬಣ್ಣ ಬಯಲಾಗುವುದು ಚಳಿ ಬಿಟ್ಟ ಮೇಲೆ. ಆಗ ಬೇಯಿಸಿದ ಜೋಳದ ಸಿಹಿ ವಾಸನೆ ಮೇಲೆ ಬರುತ್ತದೆ. ಹಿಂದೆಯೇ ಸ್ವಲ್ಪ ಹಸಿ ಸೇಬಿನಂಥ ಘಾಟು. ಕಹಿ ಅಂತೂ ಹುಡುಕಿದರೂ ಸಿಗಲ್ಲ, ಕೊನೆಗೆ ಗಂಟಲಲ್ಲಿ ಸ್ಪಿರಿಟ್ ಬಿಸಿ ಒಂದು ಉಳಿಯುತ್ತದೆ. ನನಗೆ ಹಿಡಿಸಿಲ್ಲ. ಹಿಡಿಸಿದವರನ್ನೂ ನೋಡಿದ್ದೇನೆ, ಅವರ ಜೊತೆ ಜಗಳ ಇಲ್ಲ.

ಕ್ವಾಲಿಟಿ ಕೆಟ್ಟದ್ದಾ ಅಂದರೆ, ಅದು ಬೇರೆ ಮಾತು. ಇಷ್ಟು ತೆಳು ಬಿಯರ್‌ನಲ್ಲಿ ತಪ್ಪು ಮುಚ್ಚಿಡಲು ಜಾಗವೇ ಇಲ್ಲ, ಸ್ವಲ್ಪ ಏರುಪೇರಾದರೂ ತಕ್ಷಣ ಗೊತ್ತಾಗುತ್ತದೆ. ಆದರೂ ಲಕ್ಷಗಟ್ಟಲೆ ಕ್ಯಾನ್‌ನಲ್ಲಿ ಒಂದೇ ರುಚಿ ಬರುತ್ತದೆ. ಅದು ಸಣ್ಣ ಕೆಲಸ ಅಲ್ಲ. ಶುದ್ಧವಾಗಿದೆ, ಸ್ವಚ್ಛವಾಗಿದೆ. ರುಚಿ ಬೇಕು ಅನ್ನುವವರಿಗೆ ಮಾಡಿದ್ದಲ್ಲ, ಅಷ್ಟೇ.

ನಮ್ಮ ಸ್ಟ್ರಾಂಗ್ ಜೊತೆ ಹೋಲಿಸಿದರೆ? ಬಾರ್‌ನಲ್ಲಿ ಕೂತ ತಕ್ಷಣ ಸಪ್ಲೈಯರ್ ಕೇಳುವುದೇ ‘ಸ್ಟ್ರಾಂಗಾ ಮೈಲ್ಡಾ ಸಾರ್?’ ಅಂತ. ಸ್ಟ್ರಾಂಗ್ ಬಾಟಲಿ ಮೇಲೆ ಆಲ್ಕೋಹಾಲ್ 8% ಮೀರದು ಅಂತ ಬರೆದಿರುತ್ತದೆ. ಅದೂ ಸಕ್ಕರೆ, ಅಕ್ಕಿ, ಜೋಳದ ಬಲದಲ್ಲೇ ನಿಂತಿರುವುದು. ಅಂದರೆ ಐಸ್ ಬಿಯರ್ ಅನ್ನುವುದು ನಮ್ಮ ಸ್ಟ್ರಾಂಗ್‌ನ ತಮ್ಮ. 650 ಎಂಎಲ್ ಬಾಟಲಿ ಪೂರ್ತಿ 8% ಇದ್ದರೆ ಅದರಲ್ಲಿ 52 ಎಂಎಲ್ ಆಲ್ಕೋಹಾಲ್. ನಿಮ್ಮ 355 ಎಂಎಲ್ ಕ್ಯಾನ್‌ನಲ್ಲಿ ಸುಮಾರು 21. ಎರಡೂವರೆ ಕ್ಯಾನ್ ಸೇರಿದರೆ ನಮ್ಮ ಒಂದು ಬಾಟಲಿ. ಅಣ್ಣನ ಮುಂದೆ ‘ಇದೇನು ಮಹಾ’ ಅಂದುಕೊಂಡು ಲೆಕ್ಕ ತಪ್ಪಬೇಡಿ, ಗಾಡಿ ಓಡಿಸಲು ಅದೂ ಜಾಸ್ತಿಯೇ.

ಅಂದಹಾಗೆ, ಯಾರಾದರೂ ‘ಇದರಲ್ಲಿ ಗ್ಲಿಸರಿನ್ ಇಲ್ಲ, ಇಂಪೋರ್ಟೆಡ್ಡು’ ಅಂದರೆ ನಂಬಬೇಡಿ. ನಮ್ಮ ಕಡೆ ಬಾಟಲಿ ತಲೆಕೆಳಗು ಮಾಡಿ ನೀರಿನ ಲೋಟದಲ್ಲಿ ಅದ್ದಿ, ಕೆಳಗೆ ಎಳೆಎಳೆಯಾಗಿ ಇಳಿಯುವುದನ್ನು ತೋರಿಸಿ ಗ್ಲಿಸರಿನ್ ಹೋಯಿತು ಅನ್ನುತ್ತಾರಲ್ವಾ? ಇಳಿಯುತ್ತಿರುವುದು ಬಿಯರೇ. ಸಾಮಾನ್ಯವಾಗಿ ಬಿಯರ್ ನೀರಿಗಿಂತ ಸ್ವಲ್ಪ ಭಾರ, ಅದಕ್ಕೇ ತಳಕ್ಕೆ ಹೋಗುತ್ತದೆ. ಗ್ಲಿಸರಿನ್ ಅನ್ನುವುದು ಈಸ್ಟ್ ತಾನಾಗಿಯೇ ಒಂದಿಷ್ಟು ಹುಟ್ಟಿಸುವ ವಸ್ತು, ಜಗತ್ತಿನ ಎಲ್ಲ ಬಿಯರ್‌ನಲ್ಲೂ ಇರುತ್ತದೆ. ಹೀಗೆ ಅದ್ದಿ ತೆಗೆದರೆ ದುಡ್ಡು ಕೊಟ್ಟ ಬಿಯರ್ ಕಡಿಮೆ, ನೀರು ಜಾಸ್ತಿ.

ಇನ್ನು ಫ್ರೀಜರ್. ದಯವಿಟ್ಟು ಕ್ಯಾನ್ ಅಥವಾ ಬಾಟಲಿಯನ್ನು ಹಾಗೇ ಇಡಬೇಡಿ. ನೀರು ಐಸ್ ಆಗುವಾಗ ಸುಮಾರು 9% ಹಿಗ್ಗುತ್ತದೆ, ಒಳಗಿನ ಗ್ಯಾಸ್ ಬೇರೆ ಒತ್ತುತ್ತದೆ. ಬಾಟಲಿ ಒಡೆದರೆ ಗಾಜಿನ ಚೂರು ಮನೆಯವರ ಬಟಾಣಿ ಪ್ಯಾಕೆಟ್ ಮೇಲೆಲ್ಲ. ಪಾತ್ರೆಗೆ ಸುರಿದು ಇಟ್ಟರೆ ಒಡೆಯಲ್ಲ, ಆದರೆ ಗ್ಯಾಸ್ ಹಾರಿಹೋಗಿ ಸಪ್ಪೆಯಾಗುತ್ತದೆ. ಜೋಳದ ವಾಸನೆ, ಸ್ಪಿರಿಟ್ ಘಾಟು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಉಳಿದ ಕ್ಯಾನ್‌ಗಳನ್ನು ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಇಡಿ, ಖಾರ ಜಾಸ್ತಿ ಇರುವ ನಾಟಿ ಕೋಳಿ ಫ್ರೈ ಮಾಡಿದ ದಿನ ತೆಗೆಯಿರಿ. ನೆಂಚಿಕೊಳ್ಳಲು ಖಾರ ಇದ್ದರೆ ಈ ಬಿಯರ್‌ನ ಸಿಹಿ ಅಷ್ಟು ಕಾಡಲ್ಲ.