ಲಂಡನ್ನಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ

ನಿಮ್ಮ ಪ್ರಶ್ನೆ ಓದಿದೆ. ಅಕ್ಟೋಬರಿನಲ್ಲಿ ಮೈಸೂರಿನಿಂದ ಬಂದಿದ್ದೀರಿ. ಹ್ಯಾರೋದಲ್ಲಿ ಒಂದು ರೂಮು, ಚೇರಿಂಗ್ ಕ್ರಾಸ್ ಹತ್ತಿರ ಆಫೀಸು. ಕೆಲಸ ಪರವಾಗಿಲ್ಲ, ಆದರೆ ಯಾರೂ ಮಾತಾಡಿಸುವುದಿಲ್ಲ, ನಾಲ್ಕು ಗಂಟೆಗೇ ಕತ್ತಲು, ದುಡ್ಡು ಕರಗಿಸದೆ ಹೊತ್ತು ಕಳೆಯುವುದು ಹೇಗೆ ಅಂತ ಕೇಳಿದ್ದೀರಿ.

ಕನ್ನಡ ಬಳಗಕ್ಕೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಖಂಡಿತ ಹೋಗಿ. ಯುಗಾದಿ, ದೀಪಾವಳಿ ಎರಡೂ ಚೆನ್ನಾಗಿ ಕಳೆಯುತ್ತವೆ. ಆದರೆ ಯುಗಾದಿಗೂ ದೀಪಾವಳಿಗೂ ನಡುವೆ ಎಷ್ಟು ಮಂಗಳವಾರ ಬರುತ್ತವೆ ಲೆಕ್ಕ ಹಾಕಿ. ನಾನು ಹೇಳುವುದು ಆ ಮಂಗಳವಾರಗಳ ವಿಷಯ, ಮಧ್ಯಾಹ್ನ ಊಟದ ಹೊತ್ತಿಗೆ ಇಲ್ಲಿನ ಚರ್ಚುಗಳಲ್ಲಿ ನಡೆಯುವ ಸಂಗೀತ ಕಛೇರಿಗಳ ವಿಷಯ.

ನಿಮ್ಮ ಆಫೀಸಿನಿಂದ ನಾಲ್ಕು ಹೆಜ್ಜೆಗೆ ಟ್ರಫಾಲ್ಗರ್ ಚೌಕ. ಅದರ ಮೂಲೆಯಲ್ಲಿ ಕಂಬಗಳಿರುವ, ಚೂಪು ಗೋಪುರದ ಬಿಳಿ ಚರ್ಚು ಕಾಣಿಸುತ್ತದಲ್ಲ, ಅದೇ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್. ಜೇಮ್ಸ್ ಗಿಬ್ಸ್ ಎಂಬಾತ ಕಟ್ಟಿದ್ದು, 1726ರಲ್ಲಿ ಮುಗಿಯಿತು. 2009ರ ನವೆಂಬರಿನಲ್ಲಿ ನಾನು ಅದರೊಳಗೆ ಹೊಕ್ಕಿದ್ದು ಸಂಗೀತಕ್ಕಲ್ಲ, ಮಳೆಗೆ. ಒಳಗೆ ಬೆಚ್ಚಗಿತ್ತು. ಬಾಗಿಲಲ್ಲಿದ್ದವರು ಒಂದು ಹಾಳೆ ಕೈಗೆ ಕೊಟ್ಟು "ಇನ್ನೇನು ಶುರುವಾಗುತ್ತೆ" ಅಂದರು. ಟಿಕೆಟ್ ಇರಲಿಲ್ಲ. ಕೂತೆ.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಜಾತಿ ಧರ್ಮ ಯಾರೂ ಕೇಳುವುದಿಲ್ಲ. ಚಪ್ಪಲಿ ಬಿಡಬೇಕಾಗಿಲ್ಲ. ಪ್ರಾರ್ಥನೆ ಮಾಡಿ ಅನ್ನುವವರಿಲ್ಲ. ನಾನಂತೂ ಮೊದಲ ದಿನ ಅಭ್ಯಾಸಬಲದಿಂದ ಬಾಗಿಲಲ್ಲೇ ಬೂಟಿನ ಲೇಸು ಬಿಚ್ಚಲು ಬಗ್ಗಿದ್ದೆ!

ಮುಂದೆ ನಾಲ್ಕು ಕುರ್ಚಿ, ನಾಲ್ಕು ಸ್ಟ್ಯಾಂಡು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ಇದಕ್ಕೆ ಸ್ಟ್ರಿಂಗ್ ಕ್ವಾರ್ಟೆಟ್ ಅನ್ನುತ್ತಾರೆ. ವಿಯೋಲಾ ಅಂದರೆ ಪಿಟೀಲಿನ ದೊಡ್ಡಕ್ಕ, ದನಿ ಸ್ವಲ್ಪ ಗಡಸು. ಚೆಲ್ಲೊವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ನಮ್ಮ ವಿದ್ವಾಂಸರು ಕೆಳಗೆ ಕೂತು ಪಿಟೀಲಿನ ತುದಿಯನ್ನು ಪಾದಕ್ಕೆ ಊರುತ್ತಾರಲ್ಲ, ಇಲ್ಲಿ ಗಲ್ಲದ ಕೆಳಗೆ ಸಿಕ್ಕಿಸಿಕೊಳ್ಳುತ್ತಾರೆ. ಎಲ್ಲವೂ ಬರೆದಿಟ್ಟದ್ದು. ನಮ್ಮ ತನಿ, ಕಲ್ಪನಾಸ್ವರಗಳ ಹಾಗೆ ಆಗಿಂದಾಗಲೇ ಹೊಳೆದದ್ದನ್ನು ನುಡಿಸುವುದಿಲ್ಲ. ಹಾಗಾದರೆ ಕೇಳುವುದೇನು ಅಂತ ನನಗೂ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ನಾಲ್ಕು ಜನ ಮನೆಯಲ್ಲಿ ಕೂತು ಮಾತಾಡಿದ ಹಾಗೆ ಕೇಳಬೇಕು. ಒಬ್ಬಳು ಒಂದು ಮಾತು ಎತ್ತುತ್ತಾಳೆ, ಇನ್ನೊಬ್ಬ ಅದನ್ನೇ ಸ್ವಲ್ಪ ತಿರುಚಿ ಹೇಳುತ್ತಾನೆ, ಚೆಲ್ಲೊದವನು ಹೂಂಗುಟ್ಟುತ್ತಾನೆ.

ಇನ್ನೊಂದು ದೊಡ್ಡ ವ್ಯತ್ಯಾಸ, ಮೈಕ್ ಇಲ್ಲ. ಮೈಸೂರಿನ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಕೂತು ಬೆಳೆದ ಕಿವಿ ನನ್ನದು. ಆಚೆ ರಸ್ತೆಯ ಆಟೋ ಹಾರ್ನಿನ ಜೊತೆಗೇ ಕಛೇರಿ ಕೇಳಿದವನು. ಇಲ್ಲಿ ಬಿಲ್ಲು ತಂತಿಯನ್ನು ಮುಟ್ಟುವ ಸದ್ದು, ನುಡಿಸುವವರು ಉಸಿರು ಎಳೆದುಕೊಳ್ಳುವುದು, ಎಲ್ಲಾ ಕೇಳಿಸುತ್ತದೆ. ನಿಮ್ಮ ಸದ್ದೂ ಅವರಿಗೆ ಕೇಳಿಸುತ್ತದೆ ಅನ್ನುವುದನ್ನು ನಾನು ಕಷ್ಟಪಟ್ಟು ಕಲಿತೆ. ಎರಡನೇ ವಾರ ಚಿತ್ರಾನ್ನದ ಸ್ಟೀಲ್ ಡಬ್ಬಿ ಬ್ಯಾಗಿನಿಂದ ಜಾರಿತು. ಅತಿ ನಿಧಾನದ, ಅತಿ ಮೆಲ್ಲಗಿನ ಭಾಗದಲ್ಲಿ. ಮುಚ್ಚಳ ಕಲ್ಲಿನ ನೆಲದ ಮೇಲೆ ಗುಂಡಗೆ ಉರುಳಿ, ಸುತ್ತಿ, ಸುತ್ತಿ, ಕೊನೆಗೊಮ್ಮೆ ಮಲಗಿತು. ಯಾರೂ ತಿರುಗಿ ನೋಡಲಿಲ್ಲ. ನೋಡಿದ್ದರೇ ವಾಸಿ ಇತ್ತು.

ತೊಡೆಯ ಮೇಲೆ ತಾಳ ಹಾಕಬೇಡಿ, ಕೈ ತಾನಾಗಿಯೇ ಹೋಗುತ್ತದೆ, ಹುಷಾರು. "ಭೇಷ್" ಎಂಬುದೂ ಮನಸ್ಸಿನಲ್ಲೇ ಇರಲಿ. ಒಂದು ಕೃತಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತವೆ. ಪ್ರತಿ ಭಾಗ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ. ಆಗ ಎಲ್ಲರೂ ಒಟ್ಟಿಗೆ ಕೆಮ್ಮುತ್ತಾರೆ, ಅಷ್ಟೇ. ಗೊತ್ತಾಗದಿದ್ದರೆ ಮುಂದಿನ ಸಾಲಿನ ಬಿಳಿ ಕೂದಲಿನ ಅಜ್ಜಿಯನ್ನು ನೋಡಿ, ಅವರು ತಟ್ಟಿದಾಗ ತಟ್ಟಿ. ಅವರೂ ಏಮಾರುವ ಒಂದು ಕೃತಿ ಇದೆ. ಹೈಡನ್ ಎಂಬ ಸಂಗೀತಗಾರ 1781ರಲ್ಲಿ ಬರೆದ ಓಪಸ್ 33 ಎಂಬ ಕ್ವಾರ್ಟೆಟ್‌ಗಳ ಕಂತೆಯಲ್ಲಿ ಎರಡನೆಯದು, ಅದಕ್ಕೆ 'ಜೋಕ್' ಅಂತಲೇ ಅಡ್ಡಹೆಸರು. ಕೊನೆಯಲ್ಲಿ ರಾಗವನ್ನು ತುಂಡು ತುಂಡು ಮಾಡಿ ನಡುನಡುವೆ ಸುಮ್ನೆ ನಿಲ್ಲಿಸುತ್ತಾನೆ. ಮುಗಿಯಿತು ಅಂತ ಜನ ಚಪ್ಪಾಳೆ ಶುರುಮಾಡುತ್ತಾರೆ, ಆಗ ಮತ್ತೆ ಒಂದು ಚೂರು. ನಾನು ಕೇಳಿದ ದಿನ ಇಡೀ ಚರ್ಚು ನಕ್ಕಿತು. ಮೂರು ವಾರದಿಂದ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದ ಜನ! ಪಕ್ಕದ ಮುದುಕರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಈ ಊರಿನಲ್ಲಿ ಆಫೀಸಿನ ಹೊರಗೆ ನನಗೆ ಸಿಕ್ಕ ಮೊದಲ ಮಾತುಕತೆ ಅದೇ, ಹುಬ್ಬಿನದು.

ಮಾತಿಗೆ ಇನ್ನೂ ಮೂರು ತಿಂಗಳು ಹಿಡಿಯಿತು. "ಇವತ್ತು ಚೆಲ್ಲೊ ಚೆನ್ನಾಗಿತ್ತು, ಅಲ್ವಾ?" ಅಂದರು. ಇಲ್ಲಿನವರಿಗೆ ಗುರುತು ಹತ್ತುವುದೇ ಹೀಗೆ. ನೀವು ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಸುಮ್ನೆ ಬರುತ್ತಿರಬೇಕು.

ಎದುರಿಗಿರುವ ನ್ಯಾಷನಲ್ ಗ್ಯಾಲರಿಯಲ್ಲೂ ಇಂಥದ್ದೇ ನಡೆದಿತ್ತು. ಎರಡನೇ ಮಹಾಯುದ್ಧ ಶುರುವಾದಾಗ ಚಿತ್ರಗಳನ್ನೆಲ್ಲ ಊರಾಚೆ ಸಾಗಿಸಿ ಗೋಡೆ ಖಾಲಿ. ರಾತ್ರಿ ದೀಪ ಹಚ್ಚುವಂತಿಲ್ಲ, ಸಂಗೀತ ಕಛೇರಿಗಳು ಬಂದ್. ಮೈರಾ ಹೆಸ್ ಎಂಬ ಪಿಯಾನೋ ವಾದಕಿ ಮಧ್ಯಾಹ್ನವೇ ನುಡಿಸೋಣ ಅಂದರು. 1939ರ ಅಕ್ಟೋಬರ್ 10ರಂದು ಮೊದಲ ಕಛೇರಿ, ಒಂದು ಶಿಲಿಂಗ್ ಟಿಕೆಟ್. 1946ರವರೆಗೆ 1698 ಕಛೇರಿ ಆದವು. ಬಾಂಬು ಬೀಳುತ್ತಿದ್ದಾಗ ನೆಲಮಾಳಿಗೆಯಲ್ಲಿ ಕೂತು ಕೇಳಿದರಂತೆ.

ಮೈಸೂರಿನವರು ಅಂದಿರಲ್ಲ, ಇದು ನಮ್ಮದಲ್ಲ ಅನ್ನಿಸಿದರೆ ಜಯಚಾಮರಾಜ ಒಡೆಯರನ್ನು ನೆನೆಸಿಕೊಳ್ಳಿ. ಇಲ್ಲಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೆ ದುಡ್ಡು ಕೊಟ್ಟು ಕೈಹಿಡಿದವರು ಅವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಗಾರ ಮೆಟ್ನರ್‌ನ ಕೃತಿಗಳು ರೆಕಾರ್ಡ್ ಆಗಿದ್ದೂ ಅವರ ಹಣದಿಂದಲೇ. ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು, ಅಂದರೆ ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿಯನ್ನು, ಆತ ಮಹಾರಾಜರಿಗೆ ಅರ್ಪಿಸಿದ. ಅರಮನೆ ಬ್ಯಾಂಡು ಕೇಳಿ ಬೆಳೆದವರಿಗೆ ಇದು ತೀರಾ ಹೊಸ ರುಚಿ ಏನಲ್ಲ.

ಖರ್ಚಿನ ಮಾತು. ನಾನು ಹೋಗುತ್ತಿದ್ದಾಗ ಕೊನೆಯಲ್ಲಿ ಬಾಗಿಲ ಬಳಿ ಕಾಣಿಕೆಯ ಡಬ್ಬಿ ಇರುತ್ತಿತ್ತು. ಇಷ್ಟೇ ಕೊಡಿ ಅಂತ ಯಾರೂ ಬಲವಂತ ಮಾಡುತ್ತಿರಲಿಲ್ಲ. ಆದರೆ ನುಡಿಸುವವರಲ್ಲಿ ಆಗ ತಾನೇ ಸಂಗೀತ ಕಾಲೇಜಿನಿಂದ ಹೊರಬಿದ್ದ ಹುಡುಗ ಹುಡುಗಿಯರೇ ಜಾಸ್ತಿ. ಸಂಬಳ ಬಂದ ವಾರ ನಾನು ಐದು ಪೌಂಡ್ ಹಾಕುತ್ತಿದ್ದೆ, ತಿಂಗಳ ಕೊನೆಗೆ ತಲೆ ತಗ್ಗಿಸಿ ನಡೆಯುತ್ತಿದ್ದೆ. ಪಿಕಡಿಲಿಯ ಸೇಂಟ್ ಜೇಮ್ಸ್ ಚರ್ಚಿನಲ್ಲೂ ಮಧ್ಯಾಹ್ನದ ಸಂಗೀತದ ರೂಢಿ ಇದೆ. ದಿನ, ವೇಳೆ, ಟಿಕೆಟ್ಟಿನ ಪದ್ಧತಿ ಆಗಾಗ ಬದಲಾಗುತ್ತವೆ, ಹೊರಡುವ ಮುಂಚೆ ಅವರವರ ವೆಬ್‌ಸೈಟು ನೋಡಿಕೊಳ್ಳಿ. ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಆಫೀಸಿಗೆ ತಡವಾಗುವುದಿಲ್ಲ.

ಸೇಂಟ್ ಮಾರ್ಟಿನ್ ಕೆಳಗಿನ ನೆಲಮಾಳಿಗೆಯಲ್ಲಿ ಕೆಫೆ ಇದೆ. ಕಾಲ ಕೆಳಗೆ ಹಳೆಯ ಗೋರಿಕಲ್ಲುಗಳು, ಮೇಲೆ ಸೂಪು, ಬ್ರೆಡ್ಡು. ನನಗೆ ಮೊದಮೊದಲು ಗಂಟಲಲ್ಲಿ ಇಳಿಯಲಿಲ್ಲ. ಊಟ ಮನೆಯಿಂದಲೇ ತರುವುದಾದರೆ ಡಬ್ಬಿಯನ್ನು ಟವೆಲ್ಲಿನಲ್ಲಿ ಬಿಗಿಯಾಗಿ ಸುತ್ತಿ ತನ್ನಿ.