ಬಿಳಿ ಕ್ವಾರ್ಟ್ಜ್ ಕಟ್ಟೆ: ಕಲೆಗಿಂತ ಬಿಸಿ ನೋಡಿ

ಮೇಡಂ, ಅಡುಗೆಮನೆ ಕಟ್ಟೆಗೆ ಬಿಳಿ ಕ್ವಾರ್ಟ್ಜ್ ಹಾಕಿಸಿದರೆ ಅರಿಶಿನದ ಕಲೆ ಕೂರುತ್ತಾ, ಬಿಸಿ ಪಾತ್ರೆ ಇಡಬಹುದಾ ಅಂತ ಕೇಳಿದ್ದೀರಿ. ಬಿಸಿಯದ್ದೇ ದೊಡ್ಡ ಚಿಂತೆ. ಈ ಕ್ವಾರ್ಟ್ಜ್ ಗಣಿಯಿಂದ ಕೊಯ್ದ ಕಲ್ಲಲ್ಲ. ನೂರಕ್ಕೆ ಸುಮಾರು 90 ಭಾಗ ಕಲ್ಲಿನ ಪುಡಿ, ಉಳಿದದ್ದು ಅದನ್ನು ಹಿಡಿದಿಡುವ ರೆಸಿನ್ ಅನ್ನೋ ಅಂಟು. ಒಲೆಯಿಂದ ಇಳಿಸಿದ ಬಾಣಲೆ ನೇರ ಇಟ್ಟರೆ ಆ ರೆಸಿನ್ ಸುಡುತ್ತೆ. ನಮ್ಮನೆ ಒಲೆಯ ಎಡಕ್ಕೆ ಅಂಥದ್ದೊಂದು ಹಳದಿ ಉಂಗುರ ಇದೆ, ಎಷ್ಟು ಉಜ್ಜಿದರೂ ಹೋಗಲಿಲ್ಲ. ಅರಿಶಿನ ಬಿದ್ದ ಕೂಡಲೇ ಒರೆಸಿದರೆ ಸಾಕು, ರಾತ್ರಿಯಿಡೀ ಬಿಡಬೇಡಿ. ಬ್ಲೀಚ್ ಮುಟ್ಟಿಸಬೇಡಿ.

ನನ್ನ ಕೇಳಿದ್ರೆ ಒಲೆ ಇರುವ ಕಡೆ ಚಾಮರಾಜನಗರದ ಕರಿ ಗ್ರಾನೈಟ್, ಸಿಂಕ್ ಕಡೆ ಕ್ವಾರ್ಟ್ಜ್ ಹಾಕಿಸಿ. ದಪ್ಪ 20 ಮಿ.ಮೀ.ಗಿಂತ ಕಡಿಮೆ ಬೇಡ. ಬಿಸಿಲು ಬೀಳುವ ಯುಟಿಲಿಟಿಗಂತೂ ಕ್ವಾರ್ಟ್ಜ್ ಬೇಡವೇ ಬೇಡ, ಬಣ್ಣ ತಿರುಗುತ್ತೆ.